ಕೈಯ ಥ್ರಿಲ್ ನಿಲ್ಲುವ ಮೊದಲು: ಡಯಾಲಿಸಿಸ್ ಫಿಸ್ಟುಲಾ, ಗ್ರಾಫ್ಟ್ ಕಾಯ್ದುಕೊಳ್ಳುವ ಬಗೆ

‘ರಾತ್ರಿ ಚೆನ್ನಾಗಿಯೇ ಇತ್ತು, ಬೆಳಿಗ್ಗೆ ನೋಡಿದರೆ ಫಿಸ್ಟುಲಾ ನಿಂತುಹೋಗಿದೆ’ ಎಂದು ಬರುವವರ ಡಯಾಲಿಸಿಸ್ ಪುಸ್ತಕವನ್ನು ತಿರುವಿ ನೋಡಿ. (ಫಿಸ್ಟುಲಾ ಎಂದರೆ ಡಯಾಲಿಸಿಸ್ ಸೂಜಿ ಹಾಕಲೆಂದು ಕೈಯಲ್ಲಿ ಮಾಡಿದ ರಕ್ತನಾಳದ ಜೋಡಣೆ.) ಬಹಳ ಸಲ ಎರಡು ಮೂರು ವಾರದಿಂದಲೇ ಸೂಚನೆ ಬಂದಿರುತ್ತದೆ. ಮಿಷನ್ನಿನ ವೀನಸ್ ಪ್ರೆಷರ್ (ರಕ್ತ ಮೈಗೆ ಹಿಂದಿರುಗುವಾಗಿನ ಒತ್ತಡ) ಸ್ವಲ್ಪಸ್ವಲ್ಪವೇ ಏರಿರುತ್ತದೆ, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು 10 ನಿಮಿಷದ ಬದಲು 25 ನಿಮಿಷ ಹಿಡಿದಿರುತ್ತದೆ, ಒಂದು ದಿನ ಸೂಜಿಗೆ ಹೆಪ್ಪು ಬಂದಿರುತ್ತದೆ. ರಕ್ತನಾಳ ಕಿರಿದಾಗುವುದಕ್ಕೆ ವಾರಗಳು ಬೇಕು. ಕಿರಿದಾದ ನಾಳ ಕಟ್ಟಿಕೊಳ್ಳುವುದಕ್ಕೆ ಕೆಲವು ಗಂಟೆ ಸಾಕು.

ಕೊಡಗಿನಲ್ಲಿ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ. ಡಯಾಲಿಸಿಸ್ ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಆದರೆ ಕಿರಿದಾದ ನಾಳವನ್ನು ಬಲೂನಿನಿಂದ ಹಿಗ್ಗಿಸಲು, ಹೆಪ್ಪು ತೆಗೆಸಲು, ಗ್ರಾಫ್ಟ್ ಎಂಬ ಕೃತಕ ಕೊಳವೆ ಹಾಕಿಸಲು ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140 ಕಿ.ಮೀ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ದಾರಿ ಮುಚ್ಚಿಹೋಗಿದ್ದು ಎಲ್ಲರಿಗೂ ನೆನಪಿದೆ. ಸಿದ್ದಾಪುರ, ಪಾಲಿಬೆಟ್ಟದ ತೋಟಗಳ ಕಡೆ ಕತ್ತಲಾದ ಮೇಲೆ ಕಾಡಾನೆ ಭಯಕ್ಕೆ ಜೀಪು ಹೊರಡಿಸುವುದೇ ಕಷ್ಟ. ಆದ್ದರಿಂದ ನಾಳ ಕಿರಿದಾಗುತ್ತಿರುವಾಗಲೇ ಗುರುತಿಸಿ, ಹಗಲು ಹೊತ್ತಿನ ಬಸ್ಸಿನಲ್ಲಿ ಹೋಗಿ ಸರಿಮಾಡಿಸಿಕೊಂಡು ಬರುವುದು ಹೇಗೆ ಎಂಬುದನ್ನೇ ಇಲ್ಲಿ ಹೆಚ್ಚಾಗಿ ಹೇಳಿದ್ದೇವೆ.

ನಿಮ್ಮ ಕೈಯಲ್ಲಿ ಇರುವುದು ಯಾವುದು

ಫಿಸ್ಟುಲಾ ಎಂದರೆ ಹೃದಯದಿಂದ ರಕ್ತ ತರುವ ನಿಮ್ಮದೇ ಅಪಧಮನಿಗೆ, ಹೃದಯಕ್ಕೆ ರಕ್ತ ಒಯ್ಯುವ ನಿಮ್ಮದೇ ಅಭಿಧಮನಿಯನ್ನು ಹೊಲಿದು ಸೇರಿಸಿರುವುದು. ಮಣಿಕಟ್ಟಿನಲ್ಲಿ ಇಲ್ಲವೇ ಮೊಣಕೈ ಹತ್ತಿರ ಮಾಡುತ್ತಾರೆ. ಸೂಜಿ ಚುಚ್ಚುವಷ್ಟು ಬಲಿಯಲು ಕನಿಷ್ಠ 6ರಿಂದ 8 ವಾರ ಬೇಕು, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ಬಲಿತಿದೆಯೇ ಎಂದು ನೋಡಲು ಡಾಕ್ಟರುಗಳು ‘ಆರರ ಲೆಕ್ಕ’ ಇಟ್ಟುಕೊಳ್ಳುತ್ತಾರೆ: ನಾಳದ ಅಗಲ 6 ಮಿ.ಮೀ., ಚರ್ಮದಿಂದ ಆಳ 6 ಮಿ.ಮೀ.ಗಿಂತ ಕಡಿಮೆ, ನಿಮಿಷಕ್ಕೆ 600 ಮಿ.ಲೀ. ರಕ್ತದ ಹರಿವು. 6 ವಾರವಾದರೂ ನಾಳ ಉಬ್ಬಿ ಕಾಣದಿದ್ದರೆ ‘ಇನ್ನೊಂದು ತಿಂಗಳು ನೋಡೋಣ’ ಎಂದು ಸುಮ್ಮನಿರಬೇಡಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಕೇಳಿ ಮಾಡಿಸಿ. ಬಲಿಯದ ಫಿಸ್ಟುಲಾದ ಹಿಂದೆ ಬಹುಪಾಲು ಬಲೂನಿನಿಂದ ಸರಿಮಾಡಬಹುದಾದ ಕಾರಣವೇ ಇರುತ್ತದೆ.

ನಾಳಗಳು ತೆಳುವಾಗಿರುವವರಿಗೆ, ಹಿಂದಿನ ಫಿಸ್ಟುಲಾ ಕೆಟ್ಟವರಿಗೆ ಗ್ರಾಫ್ಟ್ ಹಾಕುತ್ತಾರೆ. ಅದು ಪಿಟಿಎಫ್‌ಇ ಎಂಬ ವಸ್ತುವಿನ ಕೊಳವೆ, ಹೆಚ್ಚಾಗಿ 6 ಮಿ.ಮೀ. ಅಗಲದ್ದು. ಸಾಮಾನ್ಯ ಗ್ರಾಫ್ಟಿಗೆ 2–3 ವಾರದಲ್ಲಿ ಸೂಜಿ ಹಾಕಬಹುದು. ಬೇಗ ಸಿದ್ಧವಾಗುವುದು ಅದರ ಗುಣ. ಫಿಸ್ಟುಲಾಗಿಂತ ಹೆಚ್ಚು ಸಲ ಕಟ್ಟಿಕೊಳ್ಳುವುದು, ಹೆಚ್ಚು ಸೋಂಕಾಗುವುದು ಅದರ ದೋಷ. ಮೂರನೆಯದು ಕುತ್ತಿಗೆಯ ನಾಳದ ಮೂಲಕ ಎದೆಯಲ್ಲಿ ಹೊರಬರುವ ಪರ್ಮ್‌ಕ್ಯಾತ್ ಎಂಬ ಕ್ಯಾತಿಟರ್ (ಡಯಾಲಿಸಿಸ್ ಕೊಳವೆ). ಅದರ ಮಾತು ಆಮೇಲೆ.

ದಿನಕ್ಕೆ ಎರಡು ಸಲ, ಎರಡು ನಿಮಿಷ

ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಲಗುವ ಮೊದಲು ಒಮ್ಮೆ ನೋಡಿಕೊಳ್ಳಿ. ತಲೆ ಸುತ್ತಿ ಬಿದ್ದಿದ್ದರೆ, ಬಿಪಿ ಇಳಿದಿದ್ದರೆ, ಭೇದಿಯಾಗಿದ್ದರೆ ಇನ್ನೊಂದು ಸಲ ನೋಡಿ.

ಮೊದಲು ಕಣ್ಣಿನ ಕೆಲಸ. ಕೈಯನ್ನು ಬೆಳಕಿಗೆ ಹಿಡಿದು ಕೆಂಪು, ಊತ, ಕೀವು, ಹೊಸ ಗಂಟು, ಹೊಳೆಯುವ ತೆಳು ಚರ್ಮ ಇದೆಯೇ ನೋಡಿ. ಆಮೇಲೆ ಬೆರಳಿನ ಕೆಲಸ. ಹೊಲಿದ ಗುರುತಿನ ಮೇಲೆ ಇನ್ನೊಂದು ಕೈಯ ಬೆರಳುಗಳನ್ನು ಹಗುರವಾಗಿ ಇಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿರುವಾಗ ಅದರ ಕಟ್ಟೆಯ ಮೇಲೆ ಕೈಯಿಟ್ಟರೆ ಹೇಗೋ ಹಾಗೆ ಬಿಡದೆ ನಡುಗುತ್ತಿರಬೇಕು. ಇದೇ ಥ್ರಿಲ್. ಅಲ್ಲಿಂದ ನಾಳದ ಉದ್ದಕ್ಕೂ ತೋಳಿನತ್ತ ಬೆರಳು ಸರಿಸುತ್ತ ಹೋಗಿ. ನಡುಕ ನಿಧಾನವಾಗಿ ಕಡಿಮೆಯಾಗುವುದು ಸರಿ. ನಡುಕ ಹೋಗಿ ಬರೀ ‘ಡಬ್ ಡಬ್’ ಎಂದು ಗಟ್ಟಿಯಾಗಿ ಬಡಿಯುತ್ತಿದ್ದರೆ ಮುಂದೆ ಎಲ್ಲೋ ನಾಳ ಕಿರಿದಾಗಿದೆ, ರಕ್ತ ಅಲ್ಲಿಗೆ ಹೋಗಿ ತಡೆದು ನಿಲ್ಲುತ್ತಿದೆ. ಬಡಿತ ಜೋರಾಗಿದೆ, ಅಂದರೆ ಫಿಸ್ಟುಲಾ ಗಟ್ಟಿಯಾಗಿದೆ ಎಂದುಕೊಳ್ಳುವುದು ನಾವು ಅತಿ ಹೆಚ್ಚು ಕಾಣುವ ತಪ್ಪು ತಿಳಿವಳಿಕೆ.

ಕಿವಿಗೂ ಕೆಲಸವಿದೆ. ಕೈಯನ್ನು ಕಿವಿಗೆ ಒತ್ತಿ ಹಿಡಿದರೆ ‘ಹೂಂ’ ಎಂಬ ತಗ್ಗು ದನಿ ಬಿಡದೆ ಕೇಳಬೇಕು. ಅದು ಕೀರಲಾಗಿ, ಸಿಳ್ಳೆಯಂತೆ, ಬಿಟ್ಟುಬಿಟ್ಟು ಕೇಳಿದರೆ ಕಿರಿದಾದ ಜಾಗದಲ್ಲಿ ರಕ್ತ ನುಗ್ಗುತ್ತಿದೆ.

ಫಿಸ್ಟುಲಾ ಇರುವವರು ವಾರಕ್ಕೊಮ್ಮೆ ಇದನ್ನೂ ಮಾಡಬಹುದು: ಮಲಗಿಕೊಂಡು ಕೈಯನ್ನು ನೇರ ಮೇಲಕ್ಕೆತ್ತಿ. ಉಬ್ಬಿದ ನಾಳ ಕುಗ್ಗಬೇಕು. ಕೈ ಎತ್ತಿದರೂ ಹಗ್ಗದಂತೆ ಬಿಗಿದೇ ಇದ್ದರೆ ರಕ್ತ ಮುಂದಕ್ಕೆ ಸರಾಗ ಹೋಗುತ್ತಿಲ್ಲ. ಅರ್ಧ ಕುಗ್ಗಿ ಅರ್ಧ ಬಿಗಿದಿದ್ದರೆ ಅವೆರಡರ ನಡುವೆಯೇ ತೊಂದರೆಯ ಜಾಗ; ಪೆನ್ನಿನಲ್ಲಿ ಗುರುತು ಹಾಕಿ ಸಿಸ್ಟರಿಗೆ ತೋರಿಸಿ. ಗ್ರಾಫ್ಟ್ ಹೇಗೂ ಕುಗ್ಗದ ಕೊಳವೆಯಾದ್ದರಿಂದ ಅದಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ.

ಕಿರಿದಾಗುವುದು, ಕಟ್ಟಿಕೊಳ್ಳುವುದು

ಫಿಸ್ಟುಲಾ, ಗ್ರಾಫ್ಟ್ ಕೆಡುವುದಕ್ಕೆ ಮುಖ್ಯ ಕಾರಣ ಇದೇ. ಅಭಿಧಮನಿ ಅಷ್ಟು ರಭಸದ ರಕ್ತಕ್ಕೆ ಹುಟ್ಟಿದ್ದಲ್ಲ. ಆ ಹೊಡೆತಕ್ಕೆ ಅದರ ಒಳಪದರ ದಪ್ಪವಾಗುತ್ತ ಬರುತ್ತದೆ. ಗ್ರಾಫ್ಟಿನಲ್ಲಿ ಕೊಳವೆಯನ್ನು ಅಭಿಧಮನಿಗೆ ಹೊಲಿದ ಜಾಗದಲ್ಲೇ ಹೆಚ್ಚಾಗಿ ಕಿರಿದಾಗುತ್ತದೆ, ಮಣಿಕಟ್ಟಿನ ಫಿಸ್ಟುಲಾದಲ್ಲಿ ಹೊಲಿಗೆ ದಾಟಿದ ಕೂಡಲೇ ಸಿಗುವ ನಾಳದಲ್ಲಿ.

ಸೂಚನೆಗಳನ್ನು ಹಿಡಿಯಲು ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿ ಡಯಾಲಿಸಿಸ್ ಆದಮೇಲೆ ನಾಲ್ಕು ಸಂಖ್ಯೆ ಬರೆಯಿರಿ: ರಕ್ತದ ಪಂಪಿನ ವೇಗ, ವೀನಸ್ ಪ್ರೆಷರ್, ರಕ್ತ ನಿಲ್ಲಲು ಹಿಡಿದ ನಿಮಿಷ, ಮುಗಿದಾಗಿನ ಬಿಪಿ. ಪ್ರೆಷರನ್ನು ಪ್ರತಿ ಸಲ ಒಂದೇ ಪಂಪ್ ವೇಗದಲ್ಲಿ, ಒಂದೇ ಅಳತೆಯ ಸೂಜಿಯಲ್ಲಿ ನೋಡಿದರೆ ಮಾತ್ರ ಹೋಲಿಸಲು ಬರುತ್ತದೆ. ಆರಂಭದ ಐದು ನಿಮಿಷದಲ್ಲಿ, ನಿಮಿಷಕ್ಕೆ 200 ಮಿ.ಲೀ. ವೇಗದಲ್ಲಿ ನೋಡಿ ಬರೆಯಲು ಟೆಕ್ನಿಷಿಯನ್‌ಗೆ ಹೇಳಿ. ಒಂದು ದಿನದ ಸಂಖ್ಯೆ ನೋಡಿ ಗಾಬರಿ ಬೇಡ, ಸೂಜಿ ವಾಲಿದ್ದರೂ ಪ್ರೆಷರ್ ಏರುತ್ತದೆ. ಮೂರು ಡಯಾಲಿಸಿಸ್ ಸಾಲಾಗಿ ಏರಿದರೆ, ಇಲ್ಲವೇ ರಕ್ತ ನಿಲ್ಲಲು 20 ನಿಮಿಷಕ್ಕಿಂತ ಹೆಚ್ಚು ಹಿಡಿಯುವುದು ಮತ್ತೆಮತ್ತೆ ಆದರೆ, ಆ ವಾರವೇ ಡಾಪ್ಲರ್ ಮಾಡಿಸಿ. ಹರಿವು ಗ್ರಾಫ್ಟಿನಲ್ಲಿ ನಿಮಿಷಕ್ಕೆ 600 ಮಿ.ಲೀ., ಫಿಸ್ಟುಲಾದಲ್ಲಿ 400–500 ಮಿ.ಲೀ.ಗಿಂತ ಕೆಳಗಿಳಿದಿದ್ದರೆ, ಜೊತೆಗೆ ಮೇಲೆ ಹೇಳಿದ ಲಕ್ಷಣವೂ ಇದ್ದರೆ, ಬಲೂನಿನ ಮಾತು ಬರುತ್ತದೆ. ಕೈ ಮರಗಟ್ಟಿಸಿ ಮಾಡುವ ಕೆಲಸ ಅದು, ಸಾಮಾನ್ಯವಾಗಿ ಅದೇ ಫಿಸ್ಟುಲಾವನ್ನೇ ಬೇಗ ಮತ್ತೆ ಬಳಸಬಹುದು. ಕೆಲವರಿಗೆ ಕೆಲವು ತಿಂಗಳ ನಂತರ ಅದೇ ಜಾಗ ಮತ್ತೆ ಕಿರಿದಾಗುತ್ತದೆ. ಅದು ಡಾಕ್ಟರ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ಆ ನಾಳದ ಸ್ವಭಾವ.

ಥ್ರಿಲ್ ಪೂರಾ ನಿಂತಿದ್ದರೆ ಗಡಿಯಾರ ನೋಡಿ, ಕೊನೆಯದಾಗಿ ಥ್ರಿಲ್ ಸಿಕ್ಕಿದ ಹೊತ್ತು ಬರೆದಿಟ್ಟುಕೊಳ್ಳಿ. ಆ ಕೂಡಲೇ ಡಯಾಲಿಸಿಸ್ ಘಟಕಕ್ಕೂ ಆಪರೇಷನ್ ಮಾಡಿದ ಡಾಕ್ಟರ ಆಸ್ಪತ್ರೆಗೂ ಫೋನ್ ಮಾಡಿ. ಮೊದಲ 24 ಗಂಟೆಯೊಳಗೆ ತಲುಪಿದರೆ ಹೆಪ್ಪು ತೆಗೆಯುವ ಅವಕಾಶ ಚೆನ್ನಾಗಿರುತ್ತದೆ, 48 ಗಂಟೆ ದಾಟಿದಷ್ಟೂ ಹೆಪ್ಪು ನಾಳದ ಗೋಡೆಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಶಾಖ ಕೊಡುತ್ತ, ಎಣ್ಣೆ ಹಚ್ಚಿ ನೀವುತ್ತ ಒಂದು ದಿನ ಕಳೆಯಬೇಡಿ. ‘ಹೇಗೂ ನಾಡಿದ್ದು ಡಯಾಲಿಸಿಸ್ ಇದೆಯಲ್ಲ, ಆಗ ತೋರಿಸೋಣ’ ಎಂಬ ಮಾತಿಗೆ ಅನೇಕ ಫಿಸ್ಟುಲಾಗಳು ಬಲಿಯಾಗಿವೆ. ಊಟ ಮಾಡಿ ಹೊರಡಬೇಕೋ ಖಾಲಿ ಹೊಟ್ಟೆಯೋ ಎಂದು ಫೋನಿನಲ್ಲೇ ಕೇಳಿ. ಡಯಾಲಿಸಿಸ್ ತಪ್ಪಿದ್ದರೆ ಪೊಟ್ಯಾಸಿಯಂ ಏರಿರುತ್ತದೆ. ದಾರಿಯಲ್ಲಿ ಎಳನೀರು, ಬಾಳೆಹಣ್ಣು, ಕಿತ್ತಳೆ ಬೇಡ.

ಕಟ್ಟಿಕೊಳ್ಳಲು ಇನ್ನೊಂದು ದೊಡ್ಡ ಕಾರಣ ಬಿಪಿ ಇಳಿಯುವುದು. ಎರಡು ಡಯಾಲಿಸಿಸ್ ನಡುವೆ ನೀರು ಹೆಚ್ಚು ಏರಿಸಿಕೊಂಡು ಬಂದರೆ ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆಯಬೇಕಾಗುತ್ತದೆ, ಬಿಪಿ ಕುಸಿಯುತ್ತದೆ, ನಾಳದಲ್ಲಿ ರಕ್ತ ನಿಧಾನವಾಗುತ್ತದೆ. ಗಂಟೆಗೆ ಕಿಲೋಗೆ 13 ಮಿ.ಲೀ.ಗಿಂತ ಹೆಚ್ಚು ಎಳೆಯಬಾರದೆಂಬುದು ಸಾಮಾನ್ಯ ಲೆಕ್ಕ. ಒಣತೂಕ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ) 50 ಕಿಲೋ ಇರುವವರಿಗೆ 4 ಗಂಟೆಯಲ್ಲಿ ಇದು ಸುಮಾರು 2.6 ಲೀಟರ್ ಆಗುತ್ತದೆ. ಮಳೆಗಾಲದಲ್ಲಿ ಬೆವರು ಕಡಿಮೆ, ಬಿಸಿ ಕಾಫಿ ಹೆಚ್ಚು. ಕುಡಿದ ಲೋಟಗಳನ್ನು ಎಣಿಸಿ. ಡಯಾಲಿಸಿಸ್ ದಿನ ಬೆಳಿಗ್ಗೆಯ ಬಿಪಿ ಮಾತ್ರೆ ನುಂಗಬೇಕೇ, ಮುಂದಕ್ಕೆ ಹಾಕಬೇಕೇ ಎಂದು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

ಹೊರಗಿನ ಒತ್ತಡವೂ ಕಟ್ಟಿಸುತ್ತದೆ. ಆ ಕೈಗೆ ಬಿಗಿ ಬಳೆ, ಕಡಗ, ವಾಚು, ಸ್ವೆಟರಿನ ಬಿಗಿ ತೋಳುಪಟ್ಟಿ ಬೇಡ. ಆ ಕೈಯಲ್ಲಿ ಬಿಪಿ ನೋಡುವುದು, ರಕ್ತ ತೆಗೆಯುವುದು, ಗ್ಲುಕೋಸ್ ಹಾಕುವುದು ಬೇಡ. ಅವಸರದಲ್ಲಿ ಆಸ್ಪತ್ರೆಯವರೂ ಮರೆಯುತ್ತಾರೆ, ನೀವೇ ಬಾಯಿಬಿಟ್ಟು ಹೇಳಬೇಕು. ಕಾಫಿ ಕುಯ್ಲಿನ ದಿನಗಳಲ್ಲಿ ಚೀಲದ ಹಗ್ಗವನ್ನು ಆ ಮೊಣಕೈಗೆ ನೇತುಹಾಕಿಕೊಳ್ಳಬೇಡಿ. ಕರಿಮೆಣಸು ಕುಯ್ಯಲು ಏಣಿ ಹತ್ತಿ ಆ ತೋಳಿನಲ್ಲಿ ಮರ ತಬ್ಬಿ ಹಿಡಿಯುವುದು, ಮರಗಸಿ (ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕತ್ತಿ ಬೀಸುವುದು ಬಿಡಲೇಬೇಕಾದ ಕೆಲಸಗಳು. ಗಿಡದ ಬುಡ ಬಿಡಿಸುವುದು, ಕಣದಲ್ಲಿ ಕಾಫಿ ಎಳೆಯುವುದು ಗಾಯ ಮಾಗಿದ ಮೇಲೆ ನಡೆಯುತ್ತದೆ. ಕೈಗೆ ಕೆಲಸವೇ ಕೊಡಬಾರದೆಂದಲ್ಲ. ಹೊಲಿಗೆ ತೆಗೆದು ಗಾಯ ಒಣಗಿದ ಮೇಲೆ ರಬ್ಬರ್ ಚೆಂಡು ಹಿಸುಕುವುದು ಒಳ್ಳೆಯದೇ.

ರಕ್ತ ಚಿಮ್ಮಿದರೆ

ನಿಮಿಷಗಳಲ್ಲಿ ಜೀವಕ್ಕೆ ಕುತ್ತು ತರುವುದು ಇದೊಂದೇ. ಮನೆಯವರೆಲ್ಲ, ಹತ್ತು ವರ್ಷದ ಮಗು ಕೂಡ, ಮುಂದಿನದನ್ನು ಕಲಿತಿರಬೇಕು.

ರಕ್ತ ಬರುವ ತೂತಿನ ಮೇಲೆಯೇ ಎರಡು ಬೆರಳಿಟ್ಟು ಗಟ್ಟಿಯಾಗಿ ಒತ್ತಿ. ನಡುವೆ ಚಿಕ್ಕದಾಗಿ ಮಡಚಿದ ಗಾಜ್ ಬಟ್ಟೆಯ ತುಂಡಿದ್ದರೆ ಸಾಕು. ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ, ರೋಗಿಯನ್ನು ಮಲಗಿಸಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ ‘ಡಯಾಲಿಸಿಸ್ ಫಿಸ್ಟುಲಾದಿಂದ ರಕ್ತ ಹೋಗುತ್ತಿದೆ’ ಎಂದು ಅದೇ ಮಾತಿನಲ್ಲಿ ಹೇಳಿ. ನಿಂತಿತೇ ಎಂದು ನಡುನಡುವೆ ಬೆರಳು ಎತ್ತಿ ನೋಡಬೇಡಿ. ದಪ್ಪ ಟವೆಲ್, ಪಂಚೆ ಸುತ್ತುವುದು ಅಪಾಯ: ಒತ್ತಡ ಅಗಲಕ್ಕೆ ಹರಡಿಹೋಗುತ್ತದೆ, ಬಟ್ಟೆ ರಕ್ತ ಹೀರುತ್ತ ಹೋಗುತ್ತದೆ, ಎಷ್ಟು ಹೋಯಿತೆಂದು ಹೊರಗೆ ತಿಳಿಯುವುದೇ ಇಲ್ಲ. ಬೆರಳು ಜಾರುತ್ತಿದ್ದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬೋರಲು ಹಾಕಿ, ಅದರ ಟೊಳ್ಳು ತೂತಿನ ಮೇಲೆ ಬರುವಂತೆ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ ತುಂಬಬೇಡಿ. ಗಾಯದ ಒಳಗೆ ಸೋಂಕು ಹೋಗುತ್ತದೆ, ಈ ರಭಸದ ರಕ್ತವನ್ನು ಪುಡಿ ನಿಲ್ಲಿಸುವುದೂ ಇಲ್ಲ. ಒಬ್ಬರೇ ಇದ್ದರೆ ಒತ್ತಿಕೊಂಡೇ ಬಾಗಿಲು ತೆರೆದಿಟ್ಟು ಮಲಗಿ.

ಇದಕ್ಕೂ ಮುನ್ಸೂಚನೆ ಇದೆ. ಸೂಜಿಯ ಜಾಗದಲ್ಲಿ ಒಣಗದ ಹಕ್ಕಳೆ, ಹಿಡಿದೆತ್ತಲು ಬಾರದಂತೆ ತೆಳ್ಳಗೆ ಹೊಳೆಯುವ ಚರ್ಮ, ದಿನೇದಿನೇ ದೊಡ್ಡದಾಗುವ ಉಬ್ಬು, ತಾನಾಗಿ ಬಂದು ನಿಂತ ಸ್ವಲ್ಪ ರಕ್ತ. ಈ ಕೊನೆಯದನ್ನು ‘ನಿಂತಿತಲ್ಲ’ ಎಂದು ಬಿಟ್ಟರೆ ಮುಂದಿನ ಸಲ ನಿಲ್ಲದೇ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಜಾಗಕ್ಕೆ ಯಾರೂ ಮತ್ತೆ ಸೂಜಿ ಹಾಕಬಾರದು.

ಡಯಾಲಿಸಿಸ್ ಮುಗಿದು ಸೂಜಿ ತೆಗೆದಾಗಿನ ಮಾಮೂಲಿ ರಕ್ತಕ್ಕೆ 10–15 ನಿಮಿಷ ಹದವಾಗಿ ಒತ್ತಬೇಕು. ಒತ್ತಿರುವಾಗಲೂ ಮೇಲೆ ಕೆಳಗೆ ಥ್ರಿಲ್ ಸಿಗುತ್ತಿರಬೇಕು. ಸಿಗದಿದ್ದರೆ ನಾಳವನ್ನೇ ಮುಚ್ಚುತ್ತಿದ್ದೀರಿ. ಬಿಗಿ ಪಟ್ಟಿಯನ್ನು ರಾತ್ರಿಯಿಡೀ ಹಾಗೇ ಇಟ್ಟುಕೊಳ್ಳಬೇಡಿ, ಸಿಸ್ಟರ್ ಹೇಳಿದ ಹೊತ್ತಿಗೆ ತೆಗೆಯಿರಿ.

ಸೂಜಿಯ ಜಾಗ

ಸೂಜಿ ಹಾಕಿಸಿಕೊಳ್ಳುವವರು ನೀವು, ಆದ್ದರಿಂದ ಎಲ್ಲಿ ಎಂದು ಕೇಳುವ ಹಕ್ಕೂ ನಿಮ್ಮದೇ. ನೋವು ಕಡಿಮೆ ಎಂದು ಒಂದೇ ರೂಪಾಯಿಯಗಲದ ಜಾಗಕ್ಕೆ ತಿಂಗಳುಗಟ್ಟಲೆ ಚುಚ್ಚಿಸಿಕೊಂಡರೆ ಗೋಡೆ ಸೋತು ಅಲ್ಲಿ ಬುಗ್ಗೆಯಂತೆ ಉಬ್ಬುತ್ತದೆ, ಅದರ ಪಕ್ಕದಲ್ಲೇ ಕಿರಿದಾಗುತ್ತದೆ. ಏಣಿಯ ಮೆಟ್ಟಿಲಿನಂತೆ ಪ್ರತಿ ಸಲ ಅರ್ಧದಿಂದ ಒಂದು ಸೆಂ.ಮೀ. ಸರಿಸುತ್ತ ಹೋಗಿ, ತುದಿ ಮುಟ್ಟಿದ ಮೇಲೆ ಮೊದಲಿಗೆ ಬರಬೇಕು. ಹೊಲಿಗೆಯಿಂದ 3 ಸೆಂ.ಮೀ. ದೂರ ಬಿಡಿಸಿ. ಒಂದೇ ತೂತಿಗೆ ಹಾಕುವ ಬಟನ್‌ಹೋಲ್ ವಿಧಾನ ಗ್ರಾಫ್ಟಿಗೆ ಸಲ್ಲದು. ಕೊಳವೆಗೆ ತಾನಾಗಿ ಮಾಗುವ ಗುಣವಿಲ್ಲ, ಅಲ್ಲಿ ಅದು ಹರಿದು ರಕ್ತ ಹೊರಗೆ ಚೀಲ ಕಟ್ಟುತ್ತದೆ. ಹೊಸ ಫಿಸ್ಟುಲಾಗೆ ಮೊದಮೊದಲು 17 ಗೇಜಿನ ಸಣ್ಣ ಸೂಜಿ, 200–250ರ ಪಂಪ್ ವೇಗ. ಮೊದಲ ದಿನವೇ 15 ಗೇಜಿನ ದಪ್ಪ ಸೂಜಿ ಹಾಕಿಸಬೇಡಿ. ಸೂಜಿ ನಾಳ ದಾಟಿ ಕೈ ನೀಲಿಯಾಗಿ ಊದಿಕೊಂಡರೆ ಆ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಊತ ಇಳಿಯುವ ತನಕ ಅಲ್ಲಿಗೆ ಸೂಜಿ ಬೇಡ.

ಸೋಂಕು, ಮಳೆಗಾಲ, ಜಿಗಣೆ

ಡಯಾಲಿಸಿಸ್‌ಗೆ ಕೂರುವ ಮೊದಲು ಆ ಕೈಯನ್ನು ಮೊಣಕೈ ಮೇಲಿನವರೆಗೂ ಸೋಪು ಹಾಕಿ ತೊಳೆಯಿರಿ. ಚರ್ಮದ ಮೇಲೆ ಸಹಜವಾಗಿ ಇರುವ ಸ್ಟೆಫೈಲೋಕಾಕಸ್ ರೋಗಾಣು ಸೂಜಿಯ ಜೊತೆ ಒಳಗೆ ಹೋಗುವುದೇ ಹೆಚ್ಚಿನ ಸೋಂಕಿನ ಮೂಲ. ಫಿಸ್ಟುಲಾದ ಸೋಂಕು ಸಾಮಾನ್ಯವಾಗಿ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಗ್ರಾಫ್ಟ್ ಹಾಗಲ್ಲ. ಕೊಳವೆಗೆ ಜೀವವಿಲ್ಲ, ಅದರ ಮೈಗೆ ಅಂಟಿ ಕುಳಿತ ರೋಗಾಣುವನ್ನು ಔಷಧಿ ಪೂರ್ತಿ ತಲುಪುವುದಿಲ್ಲ. ಬಹಳ ಸಲ ಆ ಭಾಗವನ್ನೋ ಇಡೀ ಗ್ರಾಫ್ಟನ್ನೋ ತೆಗೆಯಬೇಕಾಗುತ್ತದೆ. ಹಾಕಿದ ಹೊಸತರಲ್ಲಿ ಕೆಲವು ವಾರ ಕೈ ಊದುವುದು ಸಹಜ. ಊತದ ಜೊತೆ ಜ್ವರ, ಹೆಚ್ಚುತ್ತಿರುವ ಕೆಂಪು, ಕೀವು ಇದ್ದರೆ ಸಹಜವಲ್ಲ.

ಜೂನಿನಿಂದ ಸೆಪ್ಟೆಂಬರ್ ತನಕ ತೋಟಕ್ಕೆ ಇಳಿಯುವವರು ಆ ಕೈಗೆ ಸಡಿಲವಾದ ಪೂರ್ತಿ ತೋಳಿನ ಅಂಗಿ ಹಾಕಿ. ಜಿಗಣೆ ಕಚ್ಚಿದರೆ ಅದರ ಎಂಜಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಡಯಾಲಿಸಿಸ್‌ನಲ್ಲಿ ಹೆಪ್ಪುಗಟ್ಟದಂತೆ ಕೊಡುವ ಹೆಪರಿನ್ ಕೂಡ ಮೈಯಲ್ಲಿದ್ದರೆ ಇನ್ನೂ ಹೆಚ್ಚು ಹೊತ್ತು ಸೋರುತ್ತದೆ. ಜಿಗಣೆಯ ಹೊಟ್ಟೆಯಲ್ಲಿ ಏರೋಮೊನಾಸ್‌ನಂಥ ರೋಗಾಣುವೂ ಇರಬಹುದು. ಉಗುರಿನಿಂದ ಪಕ್ಕಕ್ಕೆ ತಳ್ಳಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು, ಗಾಜ್ ಇಟ್ಟು ಒತ್ತಿ. ಬೀಡಿಯ ಬೆಂಕಿ, ಸುಣ್ಣ ಫಿಸ್ಟುಲಾ ಕೈಗೆ ತಾಗಿಸಲೇಬೇಡಿ. ಕೆರೆದು ಹುಣ್ಣು ಮಾಡಿಕೊಂಡ ಜಾಗಕ್ಕೆ ಸೂಜಿ ಹಾಕಿಸಬೇಡಿ.

ತಣ್ಣಗಾದ ಬೆರಳು, ಊದಿದ ತೋಳು

ಫಿಸ್ಟುಲಾ ಹೆಚ್ಚು ರಕ್ತ ಎಳೆದುಕೊಂಡರೆ ಬೆರಳುಗಳಿಗೆ ಕಡಿಮೆಯಾಗುತ್ತದೆ. ಮೊಣಕೈ ಬಳಿ ಮಾಡಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಇದು ಹೆಚ್ಚು. ಮಡಿಕೇರಿಯ ಚಳಿಯಲ್ಲಿ ಎಲ್ಲರ ಬೆರಳೂ ತಣ್ಣಗಿರುವುದರಿಂದ ಒಂದೇ ಕೈ ಮುಟ್ಟಿ ನೋಡಿದರೆ ಏನೂ ತಿಳಿಯದು. ಎರಡೂ ಕೈಗಳನ್ನು ಹತ್ತು ನಿಮಿಷ ಕಂಬಳಿಯೊಳಗಿಟ್ಟು ಹೋಲಿಸಿ. ಫಿಸ್ಟುಲಾ ಕೈ ಮಾತ್ರ ತಣ್ಣಗೆ, ಬಿಳಚಿಕೊಂಡು ಉಳಿದರೆ, ಡಯಾಲಿಸಿಸ್ ಹೊತ್ತಿನಲ್ಲಿ ನೋವು ಹೆಚ್ಚಿದರೆ ಬೇಗ ತೋರಿಸಿ. ಬೆರಳ ತುದಿ ಕಪ್ಪಾದರೆ, ಹುಣ್ಣಾದರೆ, ಹಿಡಿತ ತಪ್ಪಿದರೆ ಅದೇ ದಿನ. ಆಪರೇಷನ್ ಆದ ಕೆಲವೇ ಗಂಟೆಯಲ್ಲಿ ಕೈ ಸುಡುವಂತೆ ನೊಂದು ಬೆರಳು ಎತ್ತಲು ಆಗದಿದ್ದರೆ ನರಕ್ಕೆ ರಕ್ತ ಸಾಲುತ್ತಿಲ್ಲ. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಇಡೀ ತೋಳು ಊದಿ, ಭುಜ ಎದೆಯ ಮೇಲೆ ನೀಲಿ ನಾಳಗಳು ಕಂಡರೆ ಎದೆಯೊಳಗಿನ ದೊಡ್ಡ ಅಭಿಧಮನಿ ಕಿರಿದಾಗಿದೆ. ಹಿಂದೆ ಕೊರಳೆಲುಬಿನ ಕೆಳಗೆ ಕ್ಯಾತಿಟರ್ ಹಾಕಿಸಿಕೊಂಡವರಲ್ಲಿ, ಪೇಸ್‌ಮೇಕರ್ ಇರುವವರಲ್ಲಿ ಇದು ಹೆಚ್ಚು. ಮಹಡಿ ಹತ್ತಿದರೆ ಹೊಸದಾಗಿ ಏದುಸಿರು ಬರುತ್ತಿದ್ದರೆ, ಫಿಸ್ಟುಲಾ ಬಹಳ ದೊಡ್ಡದಾಗಿದ್ದರೆ, ಹರಿವು ಅಳೆಸಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ನಿಮಿಷಕ್ಕೆ ಒಂದೂವರೆ–ಎರಡು ಲೀಟರ್ ದಾಟಿದ ಹರಿವು ಹೃದಯಕ್ಕೆ ಭಾರ.

ಪರ್ಮ್‌ಕ್ಯಾತ್ ಇದ್ದವರಿಗೆ

ಒದ್ದೆ ಮಾಡಬೇಡಿ, ಮುಚ್ಚಳ ಬಿಚ್ಚಬೇಡಿ, ಅದರಿಂದ ಗ್ಲುಕೋಸ್ ಕೊಡಲು ಬಿಡಬೇಡಿ. ಮುಚ್ಚಳ ಕಳಚಿದರೆ ಕೊಳವೆಯನ್ನು ಒತ್ತಿ ಮುಚ್ಚುವ ಕ್ಲಾಂಪ್ ಹಾಕಿದೆಯೇ ಎಂದು ಮೊದಲು ನೋಡಿ, ಗಾಳಿ ಒಳಗೆ ಹೋಗಬಾರದು. ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಯಲ್ಲಿ ಗಡಗಡ ಚಳಿ, 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ ಬರೀ ಪ್ಯಾರಾಸಿಟಮಾಲ್ ನುಂಗಿ ಮನೆಗೆ ಹೋಗಬೇಡಿ. ಆಂಟಿಬಯಾಟಿಕ್ ಕೊಡುವ ಮೊದಲೇ ರಕ್ತವನ್ನು ಕಲ್ಚರ್‌ಗೆ (ರೋಗಾಣು ಪತ್ತೆಯ ಪರೀಕ್ಷೆಗೆ) ಕಳಿಸಬೇಕು. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಸೆ ಇರುವವರು ಗಮನಿಸಿ: ಕ್ಯಾತಿಟರ್ ಹೆಚ್ಚಾಗಿ ಬಲ ಎದೆಯಲ್ಲೇ ಹೊರಬರುತ್ತದೆ, ಕೋವಿಯ ಹಿಂಬಡಿತ ನೇರ ಅಲ್ಲಿಗೇ. ಈ ವರ್ಷ ಪಕ್ಕದಲ್ಲಿ ನಿಂತು ನೋಡಿ.

ಮಳೆ ಹಿಡಿಯುವ ಮೊದಲು

ಮೇ ತಿಂಗಳಲ್ಲಿ ಒಮ್ಮೆ ಡಾಪ್ಲರ್ ಮಾಡಿಸಿಕೊಂಡರೆ, ಕಿರಿದಾಗಿದ್ದದ್ದನ್ನು ರಸ್ತೆ ಚೆನ್ನಾಗಿರುವಾಗಲೇ ಸರಿಮಾಡಿಸಬಹುದು. ಕಿಡ್ನಿ ಇನ್ನೂ ಪೂರ್ತಿ ಸೋಲದೆ, ಮುಂದೆ ಡಯಾಲಿಸಿಸ್ ಬೇಕಾದೀತು ಎಂದು ಡಾಕ್ಟರು ಹೇಳಿರುವವರು ಈಗಿನಿಂದಲೇ ಒಂದು ಕೈ, ಸಾಮಾನ್ಯವಾಗಿ ಎಡಗೈ, ಸೂಜಿ ಕಾಣದಂತೆ ಉಳಿಸಿ. ಪರೀಕ್ಷೆಗೆ ರಕ್ತ ಕೊಡಬೇಕಾದರೆ ಅಂಗೈಯ ಹಿಂಭಾಗದಿಂದ ತೆಗೆಸಿ.

ಡಯಾಲಿಸಿಸ್ ಪುಸ್ತಕದ ಮೊದಲ ಪುಟದಲ್ಲಿ ಒಂದು ಚೀಟಿ ಅಂಟಿಸಿ, ಅದರದೇ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ. ಫಿಸ್ಟುಲಾವೋ ಗ್ರಾಫ್ಟೋ, ಯಾವ ಕೈ, ಎಲ್ಲಿ, ಯಾವ ದಿನ ಮಾಡಿದ್ದು, ಬಲೂನ್ ಹಾಕಿದ ದಿನಗಳು, ಸ್ಟೆಂಟ್ ಇದ್ದರೆ ಅದು, ಒಣತೂಕ, ರಕ್ತದ ಗುಂಪು, ಹೆಪಟೈಟಿಸ್ ಬಿ, ಸಿ ವರದಿ, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುತ್ತಿದ್ದರೆ ಅದರ ಅಳತೆ, ಒಗ್ಗದ ಔಷಧಿ, ಆಪರೇಷನ್ ಮಾಡಿದ ಆಸ್ಪತ್ರೆಯ ಫೋನ್. ಸಂಪಾಜೆ ಘಾಟಿ ಮುಚ್ಚಿದರೆ ಮೈಸೂರಿನಲ್ಲಿ ಯಾರನ್ನು ಕಾಣಬೇಕು, ಮೈಸೂರಿಗೆ ಹೋಗಲಾಗದಿದ್ದರೆ ಮಂಗಳೂರಿನಲ್ಲಿ ಯಾರು ಎಂದು ಎರಡೂ ಹೆಸರನ್ನು ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ. ಆ ಚೀಟಿಯ ಕೆಳಗೆ ಎರಡು ಪ್ಯಾಕೆಟ್ ಗಾಜ್, ಒಂದು ಬಾಟಲಿ ಮುಚ್ಚಳ ಪಿನ್ ಮಾಡಿಡಿ.